ಮಕ್ಕಳಿಗೆ ನಾಣ್ಯ ಸಂಗ್ರಹದ ಹುಚ್ಚು ಹಿಡಿಸುವುದು ಹೇಗೆ? ಮನೆಯ ಚಿಲ್ಲರೆ ಡಬ್ಬಿಯಿಂದಲೇ ಶುರು ಮಾಡಿ

ರಜೆ ಹತ್ತಿರ ಬಂತೆಂದರೆ ಅಪ್ಪ-ಅಮ್ಮಂದಿರಿಂದ ಒಂದೇ ಪ್ರಶ್ನೆ. "ಮಗಳಿಗೆ ಹತ್ತು ವರ್ಷ. ನಾಣ್ಯ ಸಂಗ್ರಹ ಶುರು ಮಾಡಿಸೋಣ ಅಂತಿದ್ದೀವಿ. ಒಳ್ಳೆ ಆಲ್ಬಮ್ ಎಲ್ಲಿ ಸಿಗುತ್ತೆ? ಹಳೇ ನಾಣ್ಯದ ಸೆಟ್ ಎಷ್ಟಾಗುತ್ತೆ?"

ನನ್ನ ಉತ್ತರ ಯಾವಾಗಲೂ ಇಷ್ಟೇ. ಮೊದಲ ಎರಡು ತಿಂಗಳು ಏನನ್ನೂ ಕೊಳ್ಳಬೇಡಿ. ತುಂಬಿದ ಆಲ್ಬಮ್ ತಂದು ಕೈಗಿಟ್ಟರೆ ಮಗುವಿಗೆ ಮಾಡಲು ಕೆಲಸವೇ ಇರುವುದಿಲ್ಲ. ಎರಡು ದಿನ ತಿರುವಿ ಹಾಕುತ್ತದೆ, ಮೂರನೇ ದಿನ ಆಲ್ಬಮ್ ಕಪಾಟಿನ ಮೇಲೆ. ಹುಡುಕುವುದರಲ್ಲಿ ಇರುವ ಮಜಾ ಸಿಕ್ಕಿದ್ದನ್ನು ನೋಡುವುದರಲ್ಲಿ ಇಲ್ಲ. ಹುಡುಕಲು ಬೇಕಾದ್ದೆಲ್ಲ ನಿಮ್ಮ ಮನೆಯಲ್ಲೇ ಇದೆ.

ಏಳೆಂಟು ವರ್ಷ ದಾಟಿದ ಮಕ್ಕಳಿಗೆ ಇದು ಸರಿ. ಮನೆಯಲ್ಲಿ ಪುಟ್ಟ ತಮ್ಮ-ತಂಗಿ ಇದ್ದರೆ ಜೋಪಾನ. ನಾಣ್ಯ ಬಾಯಿಗೆ ಹೋಗಲು ಒಂದು ನಿಮಿಷ ಸಾಕು.

ಏನೇನು ಬೇಕು

ಇನ್ನೂರು ಮುನ್ನೂರು ಬಿಡಿ ನಾಣ್ಯಗಳು. ಸ್ಟೇಷನರಿ ಅಂಗಡಿಯ ಒಂದು ಭೂತಗನ್ನಡಿ. ಗೆರೆ ಹಾಕಿದ ಒಂದು ನೋಟ್‌ಬುಕ್. ಒಂದು ಸಣ್ಣ ಅಯಸ್ಕಾಂತ, ಫ್ರಿಜ್ ಬಾಗಿಲಿಗೆ ಅಂಟಿಸುವಂಥದ್ದೂ ನಡೆಯುತ್ತದೆ. ಹಾಸಲು ಹಳೆಯ ಪಂಚೆ ಅಥವಾ ಟವೆಲ್. ಮತ್ತೆ, ನಾಲ್ಕು ಕುಳಿಯ ಇಡ್ಲಿ ತಟ್ಟೆ. ತಮಾಷೆಯಲ್ಲ, ಮುಂದೆ ಹೇಳುತ್ತೇನೆ.

1. ಚಿಲ್ಲರೆ ಒಟ್ಟು ಮಾಡಿ

ಹತ್ತು ವರ್ಷದ ಹಿಂದೆ ಈ ಹಂತದ ಬಗ್ಗೆ ಬರೆಯುವ ಅಗತ್ಯವೇ ಇರಲಿಲ್ಲ. ಈಗ ತರಕಾರಿ ಗಾಡಿಯಲ್ಲೂ ಕ್ಯೂಆರ್ ಕೋಡ್. ಎಷ್ಟೋ ಮಕ್ಕಳು ನಾಣ್ಯ ಹಿಡಿದು ಅಂಗಡಿಗೆ ಹೋದದ್ದೇ ಇಲ್ಲ. ಹಾಗಾಗಿ ಚಿಲ್ಲರೆಯನ್ನು ಬೇಕೆಂದೇ ಕೂಡಿಸಬೇಕು.

ಮೊದಲು ಮನೆಯೊಳಗೆ ನೋಡಿ. ಅಡುಗೆಮನೆಯ ಡಬ್ಬಿ, ಕಾರಿನ ಗೂಡು, ಹಳೆಯ ವ್ಯಾನಿಟಿ ಬ್ಯಾಗು, ಒಡೆಯದೆ ಉಳಿದ ಮಣ್ಣಿನ ಹುಂಡಿ. ಆಮೇಲೆ ಹೂವಿನವರು, ಟೀ ಅಂಗಡಿ, ದೇವಸ್ಥಾನದ ಮುಂದಿನ ಊದುಬತ್ತಿ ಅಂಗಡಿ. ನೋಟು ಕೊಟ್ಟು ನಾಣ್ಯ ಕೇಳಿದರೆ ಇವರು ಖುಷಿಯಿಂದಲೇ ಕೊಡುತ್ತಾರೆ, ಅದರಲ್ಲೂ 10 ರೂಪಾಯಿಯದ್ದನ್ನು.

ಬ್ಯಾಂಕಿನಲ್ಲೂ ಕೇಳಬಹುದು. ಆದರೆ ಬ್ಯಾಂಕಿನವರು ಸೀಲ್ ಹಾಕಿದ ಹೊಸ ಚೀಲ ಕೊಟ್ಟರೆ ಒಳಗಿನ ನಾಣ್ಯಗಳೆಲ್ಲ ಒಂದೇ ವರ್ಷದವು, ಒಂದೇ ಕಡೆ ಅಚ್ಚಾದವು ಆಗಿರುವ ಸಾಧ್ಯತೆ ಜಾಸ್ತಿ. ನೂರು ನಾಣ್ಯ ನೋಡಿದರೂ ನೂರೂ ಒಂದೇ ಥರ. ಮಗುವಿಗೆ ಅಲ್ಲೇ ಬೇಜಾರು. ನಮಗೆ ಬೇಕಾದ್ದು ಕೈಯಿಂದ ಕೈಗೆ ಓಡಾಡಿ ಸವೆದ ಚಿಲ್ಲರೆ.

ನೋಡಿ ಮುಗಿದ ನಾಣ್ಯಗಳನ್ನು ಮತ್ತೆ ಖರ್ಚು ಮಾಡಿ, ಬೇರೆ ಚಿಲ್ಲರೆ ತನ್ನಿ. ಅದೇ 500 ರೂಪಾಯಿ ಸುತ್ತುತ್ತಾ ಇರುತ್ತದೆ. ಈ ಹವ್ಯಾಸಕ್ಕೆ ಇಷ್ಟೇ ಬಂಡವಾಳ.

2. ಸುರಿದು ಕೊಟ್ಟು ಸುಮ್ಮನೆ ಕೂತುಕೊಳ್ಳಿ

ಕಿಟಕಿ ಬೆಳಕಿನಲ್ಲಿ ಟವೆಲ್ ಹಾಸಿ ನಾಣ್ಯ ಸುರಿಯಿರಿ. "ಇದರಲ್ಲಿ ಎಷ್ಟು ಥರ ಇದೆ ನೋಡು" ಅನ್ನಿ, ಅಷ್ಟೇ. ಹೇಗೆ ವಿಂಗಡಿಸಬೇಕು ಅಂತ ಹೇಳಬೇಡಿ. ಒಬ್ಬರು ಬಣ್ಣದ ಮೇಲೆ ಗುಡ್ಡೆ ಹಾಕುತ್ತಾರೆ, ಇನ್ನೊಬ್ಬರು ಚಿತ್ರದ ಮೇಲೆ. ಹೆಬ್ಬೆರಳು ಎತ್ತಿದ 1 ರೂಪಾಯಿ, ಎರಡು ಬೆರಳಿನ 2 ರೂಪಾಯಿ ಮೊದಲು ಕಣ್ಣಿಗೆ ಬೀಳುತ್ತವೆ. 2007ರಿಂದ ಬಂದ ಹಸ್ತಮುದ್ರೆ ಸರಣಿ ಅದು. ಅದರ 50 ಪೈಸೆಯಲ್ಲಿ ಮುಷ್ಟಿ ಇದೆ. ಮುಷ್ಟಿ ಸಿಗುವುದು ಈಗ ಸ್ವಲ್ಪ ಕಷ್ಟ, ಹುಡುಕಲಿ ಬಿಡಿ.

ಇಲ್ಲಿ ಅಯಸ್ಕಾಂತ ಕೊಡಿ. 1992ರಿಂದ ಬಂದ ಸ್ಟೀಲಿನ 1 ರೂಪಾಯಿ ಟಪ್ ಅಂತ ಅಂಟುತ್ತದೆ. ತೊಂಬತ್ತರ ದಶಕದ ದಪ್ಪ 5 ರೂಪಾಯಿ ಅಂಟುವುದಿಲ್ಲ, ಅದು ತಾಮ್ರ-ನಿಕ್ಕಲ್ ಮಿಶ್ರಣ. ಅದೇ ಕಾಲದ ಹನ್ನೊಂದು ಮೂಲೆಯ, ಭಾರತದ ನಕ್ಷೆಯಿರುವ 2 ರೂಪಾಯಿಯೂ ಅಂಟುವುದಿಲ್ಲ. ಯಾಕೆ ಅಂತ ಮಗು ತಾನಾಗಿ ಕೇಳುತ್ತದೆ. ಕೇಳಿದ ಮೇಲೆ ಹೇಳಿ, ಅದಕ್ಕೆ ಮುಂಚೆ ಬೇಡ.

ದೊಡ್ಡವರು ಹೆಚ್ಚಾಗಿ ತಪ್ಪು ಮಾಡುವುದು ಈ ಹಂತದಲ್ಲೇ. ಮಗು ಒಂದು ನಾಣ್ಯ ಎತ್ತಿಕೊಂಡ ತಕ್ಷಣ ಪಾಠ ಶುರು ಮಾಡಿಬಿಡುತ್ತಾರೆ. ಹಾಗಾದರೆ ಅದು ಇನ್ನೊಂದು ಟ್ಯೂಷನ್ ಆಯ್ತು ಅಲ್ವಾ?

3. ಟಂಕಸಾಲೆಯ ಗುರುತು ತೋರಿಸಿ

ಈಗ ಇಡ್ಲಿ ತಟ್ಟೆ ತೆಗೆಯಿರಿ. ನಾಣ್ಯ ಅಚ್ಚು ಹಾಕುವ ಕಾರ್ಖಾನೆಗೆ ಟಂಕಸಾಲೆ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇರುವುದು ನಾಲ್ಕು: ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ. ಯಾವ ನಾಣ್ಯ ಎಲ್ಲಿ ಹುಟ್ಟಿತು ಅಂತ ಅದರ ಮೇಲೇ ಗುರುತಿರುತ್ತದೆ. ಇಸವಿಯ ಕೆಳಗೆ, ಎಳ್ಳಿನಷ್ಟು ಚಿಕ್ಕದಾಗಿ. ಸಂಗ್ರಾಹಕರು ಇದಕ್ಕೆ ಮಿಂಟ್ ಮಾರ್ಕ್ ಎನ್ನುತ್ತಾರೆ.

ಭೂತಗನ್ನಡಿ ಹಿಡಿದು ನೋಡಿದರೆ ಹೀಗೆ ಕಾಣುತ್ತದೆ. ಚೂಪು ಮೂಲೆಗಳ ವಜ್ರದಾಕಾರ ಇದ್ದರೆ ಮುಂಬೈ. ನಕ್ಷತ್ರ ಇದ್ದರೆ ಹೈದರಾಬಾದ್. ದುಂಡನೆಯ ಚುಕ್ಕಿ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ.

ನಾಲ್ಕು ಊರು, ನಾಲ್ಕು ಕುಳಿ. ಒಂದೊಂದು ಕುಳಿಗೆ ಒಂದೊಂದು ಊರಿನ ಚೀಟಿ ಅಂಟಿಸಿ, ವಿಂಗಡಿಸಲು ಬಿಡಿ. ಅರ್ಧ ಗಂಟೆಯೊಳಗೆ ಮಗು ನಿಮಗಿಂತ ಬೇಗ ಗುರುತು ಹಿಡಿಯುತ್ತದೆ. ಚಾಳೀಸು ಬಂದ ಕಣ್ಣಿಗೆ ವಜ್ರ ಯಾವುದು, ಚುಕ್ಕಿ ಯಾವುದು ಗೊತ್ತಾಗುವುದೇ ಇಲ್ಲ. ಅಪ್ಪನನ್ನು ಸೋಲಿಸಿದ ಖುಷಿ ಮಗುವನ್ನು ಮರುದಿನವೂ ತಟ್ಟೆಯ ಮುಂದೆ ತಂದು ಕೂರಿಸುತ್ತದೆ. ಇದು ನಾನು ತುಂಬಾ ಕಡೆ ನೋಡಿದ್ದು.

ಎರಡು ಕಡೆ ಎಡವುತ್ತಾರೆ. ಒಂದು, ಸವೆದ ನಾಣ್ಯದಲ್ಲಿ ಮುಂಬೈನ ವಜ್ರ ಮೂಲೆ ಕಳೆದುಕೊಂಡು ಚುಕ್ಕಿಯಂತೆ ಕಾಣುತ್ತದೆ. ಇಸವಿ ನೋಡಿ. ನೋಯ್ಡಾ ಟಂಕಸಾಲೆ ಕೆಲಸ ಶುರು ಮಾಡಿದ್ದೇ 1988ರಲ್ಲಿ. ಹಾಗಿದ್ದರೆ 1983ರ ನಾಣ್ಯದಲ್ಲಿ ಕಂಡ ಚುಕ್ಕಿ ನೋಯ್ಡಾದ್ದಾಗಲು ಸಾಧ್ಯವಿಲ್ಲ. ಇಂಥ ಲೆಕ್ಕ ಮಕ್ಕಳಿಗೆ ಭಾರಿ ಇಷ್ಟ. ಎರಡು, ಹಳೆಯ ಹೈದರಾಬಾದ್ ನಾಣ್ಯಗಳಲ್ಲಿ ನಕ್ಷತ್ರದ ಬದಲು ಬೇರೆ ಚಿಹ್ನೆಗಳೂ ಇವೆ, ಸೀಳಿದ ವಜ್ರದಂಥವು. ಗೊಂದಲವಾದರೆ ಪಕ್ಕಕ್ಕಿಡಿ, ಆಮೇಲೆ ನೋಡಿದರಾಯ್ತು.

ಚಿಲ್ಲರೆ ಸಾಲದೆ ಸರ್ಕಾರ ಹೊರದೇಶಗಳಲ್ಲೂ ನಾಣ್ಯ ಅಚ್ಚು ಹಾಕಿಸಿದ್ದುಂಟು. 1985ರ 1 ರೂಪಾಯಿಯ ಇಸವಿಯ ಕೆಳಗೆ ಇಂಗ್ಲಿಷಿನ 'ಎಚ್' ಅಕ್ಷರ ಕಂಡರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದ್ದು. 1999-2000ರ ಕೆಲವು 5 ರೂಪಾಯಿಗಳು ಮಾಸ್ಕೋದಿಂದ ಬಂದವು, ಅವುಗಳ ಮೇಲೆ ರಷ್ಯನ್ ಅಕ್ಷರಗಳ ಸಣ್ಣ ಗುರುತಿದೆ. ಟೀ ಅಂಗಡಿಯ ಚಿಲ್ಲರೆಯಲ್ಲಿ ಮಾಸ್ಕೋ ಸಿಕ್ಕ ದಿನ ಮನೆಯಲ್ಲಿ ಹಬ್ಬವೇ.

4. ಚಿಕ್ಕ ಗುರಿ ಇಟ್ಟುಕೊಳ್ಳಲಿ

"ಎಲ್ಲ ನಾಣ್ಯವನ್ನೂ ಕೂಡಿಸುತ್ತೇನೆ" ಅಂತ ಹೊರಟವರು ಬೇಗ ಸುಸ್ತಾಗುತ್ತಾರೆ. ಮುಗಿಸಲು ಆಗುವಂಥ ಒಂದು ಸಾಲು ಹಿಡಿಯಲಿ. ಯಾವುದು ಅನ್ನುವುದು ಮಗುವಿನ ಇಷ್ಟ. ನೀವು ಕೆಲವನ್ನು ಹೇಳಿ ನೋಡಬಹುದು.

ನನ್ನ ಮೆಚ್ಚಿನದು 10 ರೂಪಾಯಿಯ ಸಾಲು. ಹತ್ತು ಗೆರೆಯದ್ದು ಅಸಲಿ, ಹದಿನೈದು ಗೆರೆಯದ್ದು ನಕಲಿ ಎಂಬ ಗಾಳಿಮಾತಿನಿಂದ ಅಂಗಡಿಗಳಲ್ಲಿ ಜಗಳವಾಗುತ್ತಿತ್ತು. ಆಗ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟನೆ ಕೊಟ್ಟಿತು. ಅಲ್ಲಿಯವರೆಗೆ 14 ವಿನ್ಯಾಸಗಳಲ್ಲಿ 10 ರೂಪಾಯಿ ನಾಣ್ಯ ಬಂದಿದೆ, ಎಲ್ಲವೂ ಚಲಾವಣೆಯಲ್ಲಿವೆ ಅಂತ. ಹದಿನಾಲ್ಕನ್ನೂ ಹುಡುಕುವುದು ಒಂದು ವರ್ಷದ ಆಟ. ಕೆಲವು ಸಾಧಾರಣ ನಾಣ್ಯಗಳು, ಕೆಲವು ಸ್ಮರಣಾರ್ಥ ನಾಣ್ಯಗಳು, ಅಂದರೆ ಒಬ್ಬ ವ್ಯಕ್ತಿಯ ಅಥವಾ ಒಂದು ಸಂದರ್ಭದ ನೆನಪಿಗೆ ತಂದವು. 2012ರ ವೈಷ್ಣೋದೇವಿ, 2015ರ ಅಂಬೇಡ್ಕರ್, ಅದೇ ವರ್ಷದ ಯೋಗ ದಿನ ಇಂಥವು. ಆಮೇಲೆ ಬಂದ ಹೊಸ ವಿನ್ಯಾಸಗಳನ್ನೂ ಸೇರಿಸಿಕೊಳ್ಳಬಹುದು.

ಹುಟ್ಟಿದ ಇಸವಿಯ ಸಾಲು ಇನ್ನೊಂದು. ತಾನು ಹುಟ್ಟಿದ ವರ್ಷದ 1, 2, 5, 10 ರೂಪಾಯಿ. ಆದರೆ ನಾಲ್ಕೂ ಟಂಕಸಾಲೆಯದ್ದು ಸಿಗುತ್ತದೆ ಅಂತ ಮಾತು ಕೊಡಬೇಡಿ. ಪ್ರತಿ ಟಂಕಸಾಲೆಯೂ ಪ್ರತಿ ವರ್ಷ ಎಲ್ಲ ಮುಖಬೆಲೆಯ ನಾಣ್ಯ ಹಾಕುವುದಿಲ್ಲ. ಇಲ್ಲದ ನಾಣ್ಯವನ್ನು ಆರು ತಿಂಗಳು ಹುಡುಕಿಸಿದ ಪಾಪ ನಿಮಗೆ ಬರುತ್ತದೆ.

ಸುಲಭದ್ದು ಬೇಕೆಂದರೆ 2022ರ ಅಮೃತ ಮಹೋತ್ಸವದ ಸಾಲು. 1, 2, 5, 10, 20 ರೂಪಾಯಿ, ಐದೇ ನಾಣ್ಯ. ಹನ್ನೆರಡು ಮೂಲೆಯ 20 ರೂಪಾಯಿ ಒಂದು ಸಿಕ್ಕರೆ ಸಾಕು, ಉಳಿದದ್ದಕ್ಕೆ ಹುರುಪು ಬರುತ್ತದೆ. ಬಸವಣ್ಣನವರ ಸ್ಮರಣೆಯ 2006ರ 5 ರೂಪಾಯಿಯನ್ನೂ ಪಟ್ಟಿಗೆ ಹಾಕಿಕೊಳ್ಳಿ.

ದುಬೈ, ಸಿಂಗಪುರ, ಅಮೆರಿಕದಲ್ಲಿ ನೆಂಟರಿದ್ದರೆ ಅವರ ಜೇಬಿನಲ್ಲಿ ಉಳಿದ ಚಿಲ್ಲರೆ ಕೇಳಿ. ಅಲ್ಲಿ ಅದಕ್ಕೆ ಒಂದು ಟೀ ಬರುವುದಿಲ್ಲ, ಇಲ್ಲಿ ಮಗುವಿಗೆ ಅದೇ ನಿಧಿ. ಯುಎಇಯ 1 ದಿರ್ಹಮ್ ಮೇಲೆ ಕಾಫಿ ಹೂಜಿ ಇದೆ. ಅಮೆರಿಕದ ಕಾಲು ಡಾಲರ್ ನಾಣ್ಯಗಳಲ್ಲಿ 1999ರಿಂದ 2008ರವರೆಗೆ ಬಂದ 50 ರಾಜ್ಯಗಳ ಸಾಲು ಇದೆ, ಒಂದೊಂದರ ಮೇಲೂ ಬೇರೆ ಚಿತ್ರ. ಭೂಪಟ ತಾನಾಗಿ ಗೋಡೆ ಏರುತ್ತದೆ.

5. ಬರೆದಿಡಲಿ

ನೋಟ್‌ಬುಕ್ಕಿನಲ್ಲಿ ಒಂದು ನಾಣ್ಯಕ್ಕೆ ಒಂದು ಸಾಲು: ಮುಖಬೆಲೆ, ಇಸವಿ, ಟಂಕಸಾಲೆ, ಎಲ್ಲಿ ಸಿಕ್ಕಿತು, ಯಾವತ್ತು. ಕೊನೆಯ ಎರಡನ್ನು ಬಿಡಬೇಡಿ. "ಶಿರಸಿ ಜಾತ್ರೆ, ಬತ್ತಾಸಿನ ಅಂಗಡಿ" ಅಂತ ಬರೆದ 2 ರೂಪಾಯಿಯನ್ನು ಯಾವ ಮಗುವೂ ಖರ್ಚು ಮಾಡುವುದಿಲ್ಲ. ಅಕ್ಷರ ಸೊಟ್ಟಗಿದ್ದರೆ ತಿದ್ದಲು ಹೋಗಬೇಡಿ.

6. ತೊಳೆಯಬೇಡಿ, ಉಜ್ಜಬೇಡಿ

ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರೂ ತಪ್ಪಿಲ್ಲ. ತಾಮ್ರದ ಚೊಂಬು ಕಂಡರೆ ಹುಣಸೆಹಣ್ಣು ಹಚ್ಚುವ ಕೈ ನಮ್ಮದು. ಹಳೆಯ ನಾಣ್ಯಕ್ಕೂ ಅದನ್ನೇ ಮಾಡುತ್ತೇವೆ. ಚಿಕ್ಕವನಿದ್ದಾಗ ನಾನೂ ಮಾಡಿದ್ದೆ. ಅಜ್ಜಿ ಕೊಟ್ಟ ಕಾಲಾಣೆ ಬಿಲ್ಲೆಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಒಂದು ದಿನ ಫಳಫಳ ಹೊಳೆಯಿತು. ವಾರದಲ್ಲಿ ಮಂಕಾದ ಗುಲಾಬಿ ಬಣ್ಣಕ್ಕೆ ತಿರುಗಿತು. ರಾಜನ ಮೂಗು ಅರ್ಧ ಹೋಗಿತ್ತು.

ಹಳೆಯ ತಾಮ್ರ, ಕಂಚಿನ ನಾಣ್ಯದ ಮೇಲಿನ ಕಂದು ಪದರಕ್ಕೆ ಪಟಿನಾ ಎನ್ನುತ್ತಾರೆ. ಅದು ಕೊಳೆಯಲ್ಲ. ಲೋಹಕ್ಕೆ ವರ್ಷಗಟ್ಟಲೆ ಗಾಳಿ ತಗುಲಿ ಆದ ಹೊದಿಕೆ, ಒಳಗಿನದನ್ನು ಕಾಯುತ್ತದೆ. ಅದನ್ನು ತೆಗೆದರೆ ಸಂಗ್ರಾಹಕರ ಲೆಕ್ಕದಲ್ಲಿ ನಾಣ್ಯ ಹಾಳಾದಂತೆಯೇ. ಹುಣಸೆ, ನಿಂಬೆ, ವಿಮ್, ಪೀತಾಂಬರಿ, ಟೂತ್‌ಪೇಸ್ಟ್ ಯಾವುದೂ ಬೇಡ. ಈಗಿನ ಸ್ಟೀಲ್ ನಾಣ್ಯ ಜಿಡ್ಡಾಗಿದ್ದರೆ ಬೆಚ್ಚಗಿನ ನೀರಿನಲ್ಲಿ ಒಂದು ಹನಿ ಸೋಪು ಹಾಕಿ ಅದ್ದಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಒತ್ತಿ ಅಂದೆ, ಉಜ್ಜಿ ಅನ್ನಲಿಲ್ಲ.

ಹಿಡಿಯುವಾಗ ಅಂಚು ಹಿಡಿಯಬೇಕು. ಬೆರಳಿನ ಬೆವರು ಹೊಸ ನಾಣ್ಯದ ಮೇಲೆ ಗುರುತು ಬಿಡುತ್ತದೆ. ಚಿಲ್ಲರೆ ಮುಟ್ಟಿದ ಮೇಲೆ ಕೈ ತೊಳೆಯುವುದು ಬೇರೆ ವಿಷಯ, ಅದನ್ನು ಮಾತ್ರ ಬಿಡದೆ ಮಾಡಿಸಿ.

7. ಇಡುವ ಜಾಗ

ಎರಡು ತಿಂಗಳಾದ ಮೇಲೂ ಮಗು ಬಿಡದೆ ಹುಡುಕುತ್ತಿದೆಯೇ? ಹಾಗಾದರೆ ಈಗ ಸ್ವಲ್ಪ ದುಡ್ಡು ಬಿಚ್ಚಿ.

ಎರಡಿಂಚು ಚೌಕದ ರಟ್ಟಿನ ಹೋಲ್ಡರ್‌ಗಳು ಸಿಗುತ್ತವೆ. ನಡುವೆ ಪಾರದರ್ಶಕ ಕಿಟಕಿ ಇರುತ್ತದೆ. ನಾಣ್ಯ ಇಟ್ಟು ಮಡಚಿ, ಸುತ್ತ ಸ್ಟೇಪ್ಲರ್ ಹೊಡೆಯುವುದು. ರಟ್ಟಿನ ಮೇಲೆಯೇ ವಿವರ ಬರೆಯಬಹುದು. ಪಿನ್ನಿನ ಹಿಂಬದಿಯನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು. ಹೊರತೆಗೆಯುವಾಗಲೂ ಪಿನ್ನುಗಳನ್ನೆಲ್ಲ ಕಿತ್ತ ಮೇಲೆಯೇ ಬಿಚ್ಚಿ.

ಅಗ್ಗದ ಮೆತ್ತನೆ ಪ್ಲಾಸ್ಟಿಕ್ ಹಾಳೆಗಳಿಂದ ದೂರ ಇರಿ. ಮೂಗಿನ ಹತ್ತಿರ ಹಿಡಿದಾಗ ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದು ಪಿವಿಸಿ. ಒಂದೆರಡು ವರ್ಷದಲ್ಲಿ ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತದೆ. ಸೆಲ್ಲೋಟೇಪ್ ಹಾಕಿ ಪುಸ್ತಕಕ್ಕೆ ಅಂಟಿಸುವುದೂ ಬೇಡ. ತೂತು ಕೊರೆದು ಸರ ಮಾಡುವುದಂತೂ ಬೇಡವೇ ಬೇಡ, ನಾಣ್ಯ ಹಾಳುಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ.

8. ಮನೆಯ ಹಿರಿಯರ ಹತ್ತಿರ ಕಳಿಸಿ

ಹಳೆಯ ನಾಣ್ಯಕ್ಕೆ ಅಂಗಡಿಗಿಂತ ಮೊದಲು ಅಜ್ಜಿಯ ಪೆಟ್ಟಿಗೆ. ಚೌಕದ 5 ಪೈಸೆ, ಆರು ಮೂಲೆಯ 3 ಪೈಸೆ, ಹೂವಿನಂತೆ ಅಂಚಿರುವ 10 ಪೈಸೆ ಅಲ್ಲಿ ಸಿಗಬಹುದು. ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಕಮಲದ ಚಿತ್ರದ ಹಿತ್ತಾಳೆ ಬಣ್ಣದ 20 ಪೈಸೆ ಇರುತ್ತದೆ. 1968ರಿಂದ ಬಂದದ್ದು, ಲಕ್ಷ್ಮಿ ಪೂಜೆಗೆ ಅಂತ ಎತ್ತಿಟ್ಟಿರುತ್ತಾರೆ. ಅದೃಷ್ಟ ಇದ್ದರೆ ತೂತು ಕಾಸು, ಅಂದರೆ 1943ರಿಂದ 1947ರವರೆಗೆ ಬಂದ ನಡುವೆ ತೂತಿರುವ ಒಂದು ಕಾಸು.

ಪೂಜೆಯ ನಾಣ್ಯ ಕೇಳದೆ ಎತ್ತುವಂತಿಲ್ಲ. ಅರಿಶಿನ-ಕುಂಕುಮ ಹತ್ತಿದ್ದರೆ ಹಾಗೇ ಇರಲಿ. ಕೊಡದಿದ್ದರೆ ಫೋಟೊ ತೆಗೆದುಕೊಂಡು ನೋಟ್‌ಬುಕ್ಕಿಗೆ ಅಂಟಿಸಿದರಾಯ್ತು.

"ಎಂಟಾಣೆ ಅಂದರೆ 50 ಪೈಸೆ ಯಾಕೆ?" ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. 1957ರ ಏಪ್ರಿಲ್ 1ಕ್ಕೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಹಾಗಾದರೆ ಒಂದು ರೂಪಾಯಿಗೆ ಎಷ್ಟು ಪೈ? ಅಜ್ಜ ಬಾಯಿಲೆಕ್ಕದಲ್ಲಿ ಹೇಳಲಿ, ಮಗು ಕಾಗದದ ಮೇಲೆ ಮಾಡಲಿ.

ಇತಿಹಾಸದ ರುಚಿ ಹತ್ತಿದ ಮಗುವಿಗೆ ಟಿಪ್ಪುವಿನ ಆನೆ ಚಿತ್ರದ ತಾಮ್ರದ ನಾಣ್ಯ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಕನ್ನಡದಲ್ಲೇ 'ಮಯಿಲಿ ಕಾಸು' ಎಂದು ಬರೆದ ನಾಣ್ಯ ತೋರಿಸಿ. ಕೊಳ್ಳಬೇಕಿಲ್ಲ, ನೋಡಿದರೆ ಸಾಕು. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ ಮನೆಯಲ್ಲಿ ನಾಣ್ಯಗಳ ಸಂಗ್ರಹಾಲಯವಿದೆ. ನೋಟುಗಳ ಕಡೆ ಆಸೆ ಇದ್ದರೆ ಬೆಂಗಳೂರಿನ ರೆಜ್ವಾನ್ ರಜಾಕ್ ಕಾಗದದ ಹಣದ ಸಂಗ್ರಹಾಲಯ ಇದೆ. ಹೊರಡುವ ಮುಂಚೆ ತೆರೆದಿರುವ ದಿನ, ಸಮಯ ವಿಚಾರಿಸಿಕೊಳ್ಳಿ.

9. ಕೊಳ್ಳುವುದಾದರೆ ಕಣ್ಣು ತೆರೆದಿರಲಿ

ಹೊಸ ಸ್ಮರಣಾರ್ಥ ನಾಣ್ಯಗಳನ್ನು ಸರ್ಕಾರಿ ಟಂಕಸಾಲೆಗಳನ್ನು ನಡೆಸುವ ಎಸ್‌ಪಿಎಂಸಿಐಎಲ್ ಸಂಸ್ಥೆಯೇ ಮಾರುತ್ತದೆ. ಅಲ್ಲಿ 'ಯುಎನ್‌ಸಿ' ಅಂದರೆ ಯಾರ ಕೈಗೂ ಹೋಗದ ಹೊಸ ನಾಣ್ಯ. 'ಪ್ರೂಫ್' ಅಂದರೆ ಸಂಗ್ರಾಹಕರಿಗೆಂದೇ ಕನ್ನಡಿಯಂತೆ ಹೊಳಪಿಸಿ ಅಚ್ಚು ಹಾಕಿದ್ದು, ಬೆಲೆ ಜಾಸ್ತಿ. ಮಕ್ಕಳಿಗೆ ಎರಡೂ ಅರ್ಜೆಂಟಿಲ್ಲ.

ಮೋಸಗಳ ಬಗ್ಗೆ ಮಾತ್ರ ಮಗುವಿನ ಜೊತೆ ನೀವೂ ಕೂತು ಓದಿ, ಯಾಕೆಂದರೆ ಬೀಳುವವರು ದೊಡ್ಡವರೇ.

"ಈ 5 ರೂಪಾಯಿ ನಿಮ್ಮಲ್ಲಿದ್ದರೆ 5 ಲಕ್ಷ" ಎಂಬ ವಿಡಿಯೊ ನಂಬಬೇಡಿ. ಹಳೆಯ ನೋಟು-ನಾಣ್ಯ ಮಾರಿಸಿಕೊಡುತ್ತೇವೆ ಅಂತ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಮಾರುವವರು ಮೊದಲು ದುಡ್ಡು ಕಟ್ಟಬೇಕು ಅಂದರೆ ಫೋನ್ ಇಡಿ.

ರಾಮ, ಹನುಮಂತನ ಚಿತ್ರ, ಹಿಂದೆ ಈಸ್ಟ್ ಇಂಡಿಯಾ ಕಂಪನಿ ಮತ್ತು 1818 ಎಂಬ ಇಸವಿ ಇರುವ ನಾಣ್ಯ ಜಾತ್ರೆಗಳಲ್ಲಿ ಸಿಗುತ್ತದೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಪೂಜೆಗೆ ಇಟ್ಟುಕೊಳ್ಳಿ, ಪುರಾತನ ಅಂತ ದುಡ್ಡು ಸುರಿಯಬೇಡಿ. ಅಕ್ಕಿ ಕಾಳನ್ನು ಎಳೆದುಕೊಳ್ಳುವ ತಾಮ್ರದ ನಾಣ್ಯ ಅಂತ ಬಂದವರನ್ನು ಗೇಟಿನ ಹೊರಗೇ ನಿಲ್ಲಿಸಿ.

ರಾಣಿ ಛಾಪಿನ ಬೆಳ್ಳಿ ರೂಪಾಯಿಯ ನಕಲುಗಳೂ ಬಹಳ. ಅಸಲಿ 11.66 ಗ್ರಾಂ ತೂಗಬೇಕು, ಸವೆದಿದ್ದರೆ ಸ್ವಲ್ಪ ಕಡಿಮೆ. ಅಯಸ್ಕಾಂತಕ್ಕೆ ಅಂಟಿದರೆ ಅಲ್ಲಿಗೆ ಮುಗಿಯಿತು. ನೂರು ವರ್ಷ ದಾಟಿದ ನಾಣ್ಯವನ್ನು ವಿದೇಶಕ್ಕೆ ಒಯ್ಯಲು 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ. ಹೊರದೇಶದ ಮೊಮ್ಮಕ್ಕಳಿಗೆ ಉಡುಗೊರೆ ಕೊಡುವ ಅಜ್ಜ-ಅಜ್ಜಿಯರು ಇದನ್ನು ಗಮನಿಸಿ. ಹೊಲ ಉಳುವಾಗ, ಪಾಯ ತೋಡುವಾಗ ಹಳೆಯ ನಾಣ್ಯದ ಗಂಟು ಸಿಕ್ಕರೆ ಅದು ಸಂಗ್ರಹಕ್ಕಲ್ಲ. ಸರ್ಕಾರಕ್ಕೆ ತಿಳಿಸಬೇಕು.

10. ಮಗು ಮಧ್ಯದಲ್ಲಿ ಬಿಟ್ಟರೆ

ಬಿಡುತ್ತದೆ. ಪರೀಕ್ಷೆ ಬರುತ್ತದೆ, ಕ್ರಿಕೆಟ್ ಬರುತ್ತದೆ. "ಶುರು ಮಾಡಿದ್ದನ್ನು ಮುಗಿಸು" ಅಂತ ಬೈಯಬೇಡಿ. ನಾಣ್ಯ ಬೇಡ, ಬೆಂಕಿಪೊಟ್ಟಣದ ಚಿತ್ರ ಕೂಡಿಸುತ್ತೇನೆ, ಬಸ್ ಟಿಕೆಟ್ ಕೂಡಿಸುತ್ತೇನೆ ಅಂದರೆ ಹೂಂ ಅನ್ನಿ. ಹಕ್ಕಿ ಮೊಟ್ಟೆ, ಗೂಡು ಅಂದರೆ ಮಾತ್ರ ಬೇಡ ಅನ್ನಿ, ವನ್ಯಜೀವಿ ಕಾನೂನು ಅಡ್ಡ ಬರುತ್ತದೆ.

ಡಬ್ಬಿಯನ್ನು ಮಾತ್ರ ಕಾಪಾಡಿಕೊಳ್ಳಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ನಾಣ್ಯ ಬಿಟ್ಟೀತೆ? ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಎತ್ತಿಟ್ಟುಕೊಳ್ಳಿ. ಮೇ ಕೊನೆಯಲ್ಲಿ ಹಳೆಯದನ್ನು ತೆಗೆದು ಹೊಸದು ಹಾಕಿ, ಮುಚ್ಚಳ ಬಿಗಿಯಾಗಿ ಹಾಕಿ, ಮಗುವಿನ ಕೈಗೆ ಎಟಕುವ ಕಪಾಟಿನಲ್ಲೇ ಇಡಿ. ಇಡ್ಲಿ ತಟ್ಟೆಯನ್ನು ಅಡುಗೆಮನೆಗೆ ವಾಪಸ್ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು, ಕೊಡುವುದಾದರೆ ಚೆನ್ನಾಗಿ ತೊಳೆದು ಕೊಡಿ.